ಷವರ್ ಸ್ನಾನದ ಪೂರ್ವೋತ್ತರ

ನಗರಗಳಲ್ಲಿ ಹಳೆಯ ಮನೆಯನ್ನು ದುರಸ್ತಿ ಮಾಡಿಸುವವರು ಮೊದಲು ಕೈಹಾಕುವುದು ಬಚ್ಚಲುಮನೆಗೆ. ಹಂಡೆಯೊಲೆ ಇದ್ದ ಮೂಲೆಯಲ್ಲಿ ಒಂದು ಷವರ್ ಹಾಕಿಸಬೇಕೆಂಬುದು ಕಿರಿಯರ ಆಸೆ. ಇಷ್ಟು ಕಿರಿದಾದ ಜಾಗದಲ್ಲಿ ಅಂಥ ಭೋಗವೇಕೆ ಎಂಬುದು ಹಿರಿಯರ ಆಕ್ಷೇಪಣೆ. ಆದರೆ ಚರಿತ್ರೆಯನ್ನು ನೋಡಿದರೆ, ಈ ಸಾಧನ ಜನಸಾಮಾನ್ಯರಲ್ಲಿ ಬಳಕೆಗೆ ಬಂದದ್ದು ಭೋಗದಿಂದಲ್ಲ, ಇಕ್ಕಟ್ಟಿನಿಂದ ಎಂಬುದು ತಿಳಿಯುತ್ತದೆ.

ಮೇಲಿನಿಂದ ಬೀಳುವ ನೀರಿಗೆ ಮೈಯೊಡ್ಡುವುದು ಹೊಸದೇನಲ್ಲ. ಪ್ರಾಚೀನ ಗ್ರೀಕರ ಚಿತ್ರಿತ ಹೂಜಿಗಳಲ್ಲಿ ಪ್ರಾಣಿಮುಖದ ತೂಬುಗಳ ಕೆಳಗೆ ನಿಂತು ಮೀಯುವವರನ್ನು ಕಾಣಬಹುದು. ಮನೆಯೊಳಗೆ ಇದನ್ನು ಯಂತ್ರದಿಂದ ಸಾಧಿಸಹೊರಟವನು ಲಂಡನ್ನಿನಲ್ಲಿ ಒಲೆಗಳನ್ನು ತಯಾರಿಸುತ್ತಿದ್ದ ವಿಲಿಯಂ ಫೀಥಂ. 1767ರಲ್ಲಿ ಅವನು ಪೇಟೆಂಟ್ ಪಡೆದ ಸಾಧನದಲ್ಲಿ ಕೈಪಂಪಿನಿಂದ ನೀರನ್ನು ತಲೆಯ ಮೇಲಿನ ತೊಟ್ಟಿಗೆ ಏರಿಸಬೇಕಾಗಿತ್ತು. ಸರಪಳಿ ಎಳೆದರೆ ನೀರು ಸುರಿಯುತ್ತಿತ್ತು. ಆದರೆ ಕೆಳಗೆ ಬಿದ್ದ ನೀರೇ ಮತ್ತೆ ಮೇಲೇರುತ್ತಿದ್ದುದರಿಂದ ಮೈಯ ಕೊಳೆ ಮೈಗೇ ಮರಳುತ್ತಿತ್ತು. ಒಳಕ್ಕೆ ಬರಲು ಕೊಳಾಯಿ, ಹೊರಕ್ಕೆ ಹೋಗಲು ಚರಂಡಿ, ಇವೆರಡೂ ಇಲ್ಲದೆ ಷವರ್ ಸ್ನಾನ ಸಾಧ್ಯವಿಲ್ಲವೆಂಬುದೇ ಮೊದಲ ಪಾಠ.

ಎರಡನೆಯ ಪಾಠ ಬಂದದ್ದು ಸೆರೆಮನೆಯಿಂದ. ಫ್ರಾನ್ಸಿನ ರೂಆಂ ಪಟ್ಟಣದ ಸೆರೆಮನೆಯಲ್ಲಿ ಮೆರಿ ದೆಲಬೊ ಎಂಬ ವೈದ್ಯರಿದ್ದರು. ನೂರಾರು ಕೈದಿಗಳಿಗೆ ಒಬ್ಬೊಬ್ಬರಂತೆ ತೊಟ್ಟಿಯಲ್ಲಿ ಸ್ನಾನ ಮಾಡಿಸಲು ನೀರೂ ಸಾಲದು, ಸೌದೆಯೂ ಸಾಲದು, ಹೊತ್ತೂ ಸಾಲದು. 1870ರ ದಶಕದ ಆರಂಭದಲ್ಲಿ ಅವರು ಬೆಚ್ಚನೆಯ ನೀರಿನ ಷವರುಗಳನ್ನು ಹಾಕಿಸಿ, ಹಲವರು ಒಟ್ಟಿಗೇ ನಿಂತು ಮೀಯುವಂತೆ ಮಾಡಿದರು. ಒಬ್ಬೊಬ್ಬನಿಗೆ ಸುಮಾರು 20 ಲೀಟರು ನೀರು ಸಾಕಾಯಿತು.

ಬರ್ಲಿನ್ನಿನ ಚರ್ಮವೈದ್ಯ ಆಸ್ಕರ್ ಲಾಸರ್ ಇದನ್ನು ಸೆರೆಮನೆಯಿಂದ ಬೀದಿಗೆ ತಂದರು. ಕೂಲಿಕಾರರ ವಠಾರಗಳಲ್ಲಿ ಬಚ್ಚಲುಮನೆಯೆಂಬುದೇ ಇರಲಿಲ್ಲ. 1883ರ ಆರೋಗ್ಯ ಪ್ರದರ್ಶನದಲ್ಲಿ ಅವರು ತಗಡಿನದೊಂದು ಸ್ನಾನಗೃಹವನ್ನು ಕಟ್ಟಿಸಿ ತೋರಿಸಿದರು. 10 ಫೆನಿಗ್ ಕೊಟ್ಟರೆ ಸ್ನಾನದೊಡನೆ ಸೋಪೂ ಟವಲೂ ಸಿಗುತ್ತಿದ್ದುವು. ವಾರಕ್ಕೊಮ್ಮೆಯಾದರೂ ಪ್ರತಿಯೊಬ್ಬನಿಗೂ ಸ್ನಾನ ದೊರೆಯಬೇಕೆಂಬುದು ಅವರ ಹಟ. ಅತ್ತ ನ್ಯೂಯಾರ್ಕಿನಲ್ಲಿ ವೈದ್ಯ ಸೈಮನ್ ಬರೂಕ್ ಇದೇ ಬಗೆಯ ಸ್ನಾನಗೃಹಗಳಿಗಾಗಿ ಹೋರಾಡಿದರು. 1901ರಲ್ಲಿ ರಿವಿಂಗ್‌ಟನ್ ಬೀದಿಯಲ್ಲಿ ಬಡವರಿಗಾಗಿ ಅಂಥದೊಂದು ತೆರೆಯಿತು.

ಇವರೆಲ್ಲ ಕಂಡುಕೊಂಡದ್ದು ಒಂದೇ: ಮಲಗಿ ಮೀಯುವವನಿಗೆ ಮಂಚದಷ್ಟು ಜಾಗ ಬೇಕು, ನಿಂತು ಮೀಯುವವನಿಗೆ ಮೂರಡಿ ಚೌಕ ಸಾಕು. ನಮ್ಮ ಚಿಕ್ಕ ಬಚ್ಚಲುಮನೆಗೂ ಇದೇ ಲೆಕ್ಕ. ಮೂಲೆಯಲ್ಲಿ ಮೂರಡಿ ಬಿಟ್ಟು, ನೆಲಕ್ಕೆ ತೂಬಿನ ಕಡೆ ಸರಿಯಾದ ವಾಟ ಕೊಟ್ಟು, ಜಾರದ ಕಲ್ಲು ಹಾಸಿದರೆ ಆಯಿತು. ದಾಟಬೇಕಾದ ಅಂಚಿಲ್ಲ, ಬಗ್ಗಿ ತಂಬಿಗೆ ಎತ್ತುವ ಶ್ರಮವಿಲ್ಲ. ಗೋಡೆಗೊಂದು ಹಿಡಿ, ಪಕ್ಕದಲ್ಲೊಂದು ಮಣೆ ಇದ್ದರೆ, ಆಕ್ಷೇಪಣೆಯೆತ್ತಿದ ಹಿರಿಯರಿಗೇ ಅದು ಹೆಚ್ಚು ಅನುಕೂಲ.

ಜಾಗದ ಪಾಠವನ್ನು ನಾವು ಕಲಿತಿದ್ದೇವೆ. ನೀರಿನ ಪಾಠವನ್ನು ಮರೆತಿದ್ದೇವೆ. ಸಾಮಾನ್ಯ ಷವರಿನಿಂದ ನಿಮಿಷಕ್ಕೆ 8ರಿಂದ 10 ಲೀಟರು ನೀರು ಸುರಿಯುತ್ತದೆ. ಹತ್ತು ನಿಮಿಷ ಬಿಟ್ಟರೆ ದೆಲಬೊ ಅವರ ನಾಲ್ಕೈದು ಕೈದಿಗಳ ಸ್ನಾನ ಒಬ್ಬನಿಗೇ ಮುಗಿದುಹೋಗುತ್ತದೆ. ಬೆಂಗಳೂರಿನ ಮನೆಯ ನಲ್ಲಿಗೆ ಬರುವ ಕಾವೇರಿ ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಪಂಪುಗಳಿಂದ ಏರಿ ಬರುವವಳು. ಮೈ ನೆನೆದ ಮೇಲೆ ನಲ್ಲಿ ನಿಲ್ಲಿಸಿ ಸೋಪು ಹಚ್ಚಿಕೊಂಡು, ತೊಳೆಯುವಾಗ ಮತ್ತೆ ತಿರುಗಿಸಿದರೆ ಒಂದು ಬಕೆಟ್ಟಿನಷ್ಟರಲ್ಲೇ ಸ್ನಾನ ಮುಗಿಯುತ್ತದೆ. ಮಿತವ್ಯಯಕ್ಕೆಂದು ಬೆಳೆದ ಸಾಧನವನ್ನು ಮಿತವಾಗಿ ಬಳಸಿದರೆ, ಅದನ್ನು ಭೋಗವೆಂದು ಯಾರೂ ಹಳಿಯಲಾರರು.