ಹವ್ಯಾಸಿ ಟೆಲಿವಿಷನ್ ಗ್ರಾಹಕ (ಹೊಸೂರು–ಕೃಷ್ಣಗಿರಿ ಸೀಮೆ)

ಹ್ಯಾಮ್‌ಗಳು, ಅಂದರೆ ಪರವಾನಗಿ ಪಡೆದ ರೇಡಿಯೊ ಹವ್ಯಾಸಿಗಳು, ಬಿತ್ತರಿಸುವ ಚಿತ್ರಗಳನ್ನು ಮನೆಯಲ್ಲೇ ಜೋಡಿಸಿದ ಸಲಕರಣೆಯಿಂದ ಹಿಡಿದು ನೋಡುವ ಏರ್ಪಾಡು. ಗಡಿಯ ಈ ಸೀಮೆಯಲ್ಲಿ ಅದರ ಹಿನ್ನೆಲೆಯೆಂದರೆ ಆಂಟೆನಾ ತಿರುಗಿದ ದಿಕ್ಕುಗಳ ಕಥೆ: ಮೊದಲು ವಾಯವ್ಯ, ಆಮೇಲೆ ಆಗ್ನೇಯ, ಈಗ ಪಡುವಣ.

ಹಿನ್ನೆಲೆ: ಬ್ರಿಟನ್ನಿನ ಹವ್ಯಾಸಿ ಟೆಲಿವಿಷನ್ ಕ್ಲಬ್ 1949ರಲ್ಲಿ ಹುಟ್ಟಿತು. 1958ರಲ್ಲಿ ಅಮೆರಿಕದ ಕಾಪ್‌ಥಾರ್ನ್ ಮ್ಯಾಕ್‌ಡೊನಾಲ್ಡ್ ಒಂದೊಂದೇ ಚಿತ್ರವನ್ನು ನಿಧಾನವಾಗಿ ಕಳಿಸುವ ಎಸ್‌ಎಸ್‌ಟಿವಿ ರೂಪಿಸಿದರು. ಕರ್ನಾಟಕದ ಹಳ್ಳಿಗಳಿಗೆ ಉಪಗ್ರಹದಿಂದ ನೇರ ಚಿತ್ರ ಇಳಿದದ್ದು 1975–76ರ ಸೈಟ್ ಎಂಬ ಬೋಧನಾ ಟೆಲಿವಿಷನ್ ಪ್ರಯೋಗದಲ್ಲಿ. ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳಲ್ಲಿ ಕೋಳಿಬಲೆ ತಂತಿಯ, ಸುಮಾರು 3 ಮೀಟರ್ ಅಗಲದ ಛತ್ರಿಗಳು ನಿಂತವು.

ವಾಯವ್ಯ: ಬೆಂಗಳೂರು ದೂರದರ್ಶನ 1981ರಲ್ಲಿ ಆರಂಭವಾಯಿತು. ಹೊಸೂರಿಗೆ ಬೆಂಗಳೂರು ಸುಮಾರು 40 ಕಿ.ಮೀ., ಚೆನ್ನೈ ಸುಮಾರು 300 ಕಿ.ಮೀ. ರಾಜ್ಯ ಯಾವುದೇ ಇರಲಿ, ಅಲೆ ಬರುವುದು ಹತ್ತಿರದ ಗೋಪುರದಿಂದ. ಘಟ್ಟದ ಕೆಳಗಿನ ಕೃಷ್ಣಗಿರಿಗೆ ಅದೇ ಅಲೆ ದುರ್ಬಲವಾಗಿತ್ತು. ಮಹಡಿಯ ಮೇಲೊಬ್ಬರು ಕಂಬ ತಿರುಗಿಸುತ್ತ ‘ಬಂತಾ?’ ಎನ್ನುವುದು, ಒಳಗಿನಿಂದ ‘ಬಂತು, ಬಂತು… ಹೋಯ್ತು’ ಎಂಬ ಕೂಗು: ಆಂಟೆನಾ ಕಾಲದ ಮನೆಗಳೆಲ್ಲ ಬಲ್ಲ ಪಾಠವಿದು.

ಹ್ಯಾಮ್ ಟಿವಿಗೆ ಮಾತ್ರ ಅಡ್ಡಿಯಿತ್ತು. ಭಾರತದಲ್ಲಿ ಹವ್ಯಾಸಿಗಳ 70 ಸೆಂ.ಮೀ. ಪಟ್ಟಿ 434ರಿಂದ 438 ಮೆಗಾಹರ್ಟ್ಸ್, ಅಗಲ ನಾಲ್ಕೇ. ದೂರದರ್ಶನದ ಒಂದು ಚಾನಲ್ಲಿಗೇ ಏಳು ಬೇಕಿತ್ತು. 2005ರ ಮೇ 5ರಂದು ಇಸ್ರೊ ಹಾರಿಸಿದ ಹ್ಯಾಮ್‌ಸ್ಯಾಟ್‌ನಲ್ಲೂ ವಿಡಿಯೊ ಹಿಡಿಸುವಷ್ಟು ಅಗಲವಿರಲಿಲ್ಲ. ಅದು ಮಾತಿನ ಉಪಗ್ರಹ.

ಆಗ್ನೇಯದಿಂದ ಪಡುವಣಕ್ಕೆ: ಡಿಟಿಎಚ್ ಬಂದು ತಟ್ಟೆಗಳು ಆಗ್ನೇಯಕ್ಕೆ ಮುಖ ಮಾಡಿದವು. ಹೊಸೂರಿನಲ್ಲಿ ಡಿಡಿ ಫ್ರೀ ಡಿಶ್ ಉಪಗ್ರಹ ದಿಗಂತದಿಂದ ಸುಮಾರು 66 ಡಿಗ್ರಿ ಮೇಲಿದೆ. 2018ರ ನವೆಂಬರ್ 15ರಂದು ಹಾರಿದ ಕತಾರಿನ ಎಸ್‌ಹೈಲ್-2 ಉಪಗ್ರಹ ಭೂಸ್ಥಿರ ಕಕ್ಷೆಯಲ್ಲಿ ಹವ್ಯಾಸಿಗಳಿಗೆ ಸಿಕ್ಕ ಮೊದಲ ಮರುಪ್ರಸಾರಕವನ್ನು ಹೊತ್ತಿತ್ತು. ಹ್ಯಾಮ್‌ಗಳಿಗೆ ಅದು ಕ್ಯೂಒ-100. ಅದರ ಡಿಜಿಟಲ್ ಟಿವಿ ಪಟ್ಟಿ 10491ರಿಂದ 10499 ಮೆಗಾಹರ್ಟ್ಸ್.

ಜೋಡಣೆ: ಹೊಸೂರಿನಿಂದ ಕ್ಯೂಒ-100 ಕಾಣುವುದು ನೇರ ಪಡುವಣಕ್ಕಿಂತ ಹತ್ತು ಡಿಗ್ರಿ ತೆಂಕಣಕ್ಕೆ, ದಿಗಂತದಿಂದ ಸುಮಾರು 29 ಡಿಗ್ರಿ ಎತ್ತರದಲ್ಲಿ. ತೆಂಗಿನ ಮರವೊಂದು ಅಡ್ಡ ಬಂದರೂ ಸಾಕು, ಚಿತ್ರವಿಲ್ಲ. ಉಪಗ್ರಹ ತೀರ ಪಡುವಣದಲ್ಲಿರುವುದರಿಂದ ಅದು ಅಡ್ಡಲಾಗಿ ಬಿಟ್ಟ ಅಲೆ ಇಲ್ಲಿಗೆ ಬರುವಾಗ ಬಹುತೇಕ ನೆಟ್ಟಗೆ ನಿಂತಿರುತ್ತದೆ. ತಟ್ಟೆಯ ಮುಂದೆ ಕೂತು ಅಲೆ ಹಿಡಿಯುವ ಎಲ್‌ಎನ್‌ಬಿಯನ್ನು ಸುಮಾರು 74 ಡಿಗ್ರಿ ಹೊರಳಿಸಬೇಕು, ಅದಕ್ಕೆ 18 ವೋಲ್ಟ್ ಉಣಿಸಬೇಕು.

9750 ಮೆಗಾಹರ್ಟ್ಸಿನ ಎಲ್‌ಎನ್‌ಬಿ ಈ ಸಂಕೇತವನ್ನು 741–749ಕ್ಕೆ ಇಳಿಸುತ್ತದೆ. ಮನೆಯ ಸೆಟ್‌ಟಾಪ್ ಬಾಕ್ಸ್ ಕಿವಿಗೊಡುವುದು 950ರಿಂದ ಮೇಲಕ್ಕೆ, ಹಾಗಾಗಿ ಅದು ನಿರುಪಯೋಗಿ. ಫ್ರಾನ್ಸಿನ ಹವ್ಯಾಸಿ ಜಾನ್-ಪಿಯೆರ್ ಕೂರ್ಜೊ ರೂಪಿಸಿದ ಮಿನಿಟ್ಯೂನರ್ ಎಂಬ ಗ್ರಾಹಕ ಹವ್ಯಾಸಿ ಟಿವಿಗೆಂದೇ ಇದೆ. ಉಳಿದ ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ದೂರವಿಲ್ಲ. ತಟ್ಟೆ ಸರಿಯಾಗಿದೆಯೇ ಎಂದು ತಿಳಿಯಲು 10491.5ರ ದಾರಿದೀಪ ಸಂಕೇತವನ್ನು ಹುಡುಕುತ್ತಾರೆ.

ಇಷ್ಟು ಗೋಜು ಬೇಡವೆನ್ನುವವರಿಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಎಸ್‌ಎಸ್‌ಟಿವಿ ಇದೆ. ಆಗಾಗ 145.800 ಮೆಗಾಹರ್ಟ್ಸಿನಲ್ಲಿ ಬರುವ ಆ ಕೀರಲು ದನಿಯನ್ನು ಮೊಬೈಲಿನ ಆ್ಯಪ್‌ಗೆ ಕೇಳಿಸಿದರೆ ಎರಡು ನಿಮಿಷದಲ್ಲಿ ಗೆರೆಗೆರೆಯಾಗಿ ಚಿತ್ರ ಮೂಡುತ್ತದೆ. ಅದಕ್ಕೆ ಕೈರೇಡಿಯೊ ಸಾಕು. ತಾನೂ ಚಿತ್ರ ಕಳಿಸಬೇಕೆಂದರೆ ಮಾತ್ರ ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು.