ಕಟ್ಟೆ ಕಟ್ಟಿದವರು, ಕಾಯಬೇಕಾದವರು

ಹೈದರಾಬಾದಿನ ಕನ್ನಡಿಗರಾದ ನಾವು ಗಂಡಿಪೇಟೆಗೆ ಹೋದಾಗಲೆಲ್ಲ "ಇದು ನಮ್ಮ ವಿಶ್ವೇಶ್ವರಯ್ಯನವರ ಯೋಜನೆ" ಎಂದು ಮಕ್ಕಳಿಗೆ ತೋರಿಸಿ ಹೆಮ್ಮೆಪಡುತ್ತೇವೆ. ಆ ಹೆಮ್ಮೆಯ ಹಿಂದೆ ಒಂದು ದುರಂತವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಅಫ್ಜಲ್‌ಗಂಜ್‌ನ ಹುಣಸೆಮರವೊಂದನ್ನು ಹತ್ತಿದ ಸುಮಾರು 150 ಮಂದಿ ಬದುಕುಳಿದರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಆ ಮರವನ್ನು ಇಂದಿಗೂ ನೋಡಬಹುದು.

ನಿಜಾಮ ಸರ್ಕಾರದ ಆಹ್ವಾನದ ಮೇರೆಗೆ 1909ರಲ್ಲಿ ಬಂದ ವಿಶ್ವೇಶ್ವರಯ್ಯನವರು, ಪ್ರವಾಹವನ್ನು ನಗರಕ್ಕೆ ಬರುವ ಮೊದಲೇ ತಡೆಯಬೇಕೆಂದು ಸಲಹೆ ಕೊಟ್ಟರು. ಅದರಂತೆ ಮೂಸಿಗೆ ಉಸ್ಮಾನ್ ಸಾಗರ (1920), ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ (1927) ನಿರ್ಮಾಣವಾದವು. ನಗರಕ್ಕೆ ರಕ್ಷಣೆಯೂ ಸಿಕ್ಕಿತು, ಕುಡಿಯುವ ನೀರೂ ಸಿಕ್ಕಿತು.

ಕಟ್ಟೆ ಕಟ್ಟಲು ಅಂದು ರಾಜಾಜ್ಞೆ ಸಾಕಾಗಿತ್ತು. ಆದರೆ ಜಲಾಶಯ ಉಳಿಯಬೇಕಾದರೆ ನೀರು ಹರಿದುಬರುವ ನೆಲವೂ ಉಳಿಯಬೇಕು. ಇದಕ್ಕಾಗಿ 1996ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ಅಂದಿನ ಆಂಧ್ರಪ್ರದೇಶ ಸರ್ಕಾರ 111ನೇ ಸಂಖ್ಯೆಯ ಆದೇಶ ಹೊರಡಿಸಿತು. ಜಲಾಶಯಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಲಿನ್ಯಕಾರಕ ಕಾರ್ಖಾನೆ, ದೊಡ್ಡ ಹೋಟೆಲ್, ಬಡಾವಣೆಗಳಿಗೆ ತಡೆ ಬಿತ್ತು. 2000ದಲ್ಲಿ ಕಾರ್ಖಾನೆಯೊಂದು ವಿನಾಯಿತಿ ಕೇಳಿದಾಗ ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ.

ಆದರೆ ನೀರು ಕುಡಿದದ್ದು ನಗರ, ಬೆಲೆ ತೆತ್ತದ್ದು 84 ಹಳ್ಳಿಗಳು. ನಮ್ಮಂಥ ಐಟಿಯವರು ಬಂದ ಗಚ್ಚಿಬೌಲಿ, ಕೋಕಾಪೇಟೆಗಳಲ್ಲಿ ಭೂಮಿಗೆ ಚಿನ್ನದ ಬೆಲೆ ಬಂತು. ಹತ್ತಿರದ ಹಳ್ಳಿಯ ರೈತ ಮಾತ್ರ ನೋಡುತ್ತ ನಿಂತ. ಕೃಷ್ಣಾ, ಗೋದಾವರಿ ನೀರು ನಗರಕ್ಕೆ ಬಂದ ಮೇಲೆ "ಇನ್ನೂ ಈ ನಿರ್ಬಂಧ ಯಾರಿಗಾಗಿ?" ಎಂಬ ಅವನ ಪ್ರಶ್ನೆಗೆ ಬಲ ಬಂತು. 2022ರ ಏಪ್ರಿಲ್‌ನಲ್ಲಿ ಸರ್ಕಾರ ನಿರ್ಬಂಧ ಸಡಿಲಿಸಿದಾಗ ಆ ಹಳ್ಳಿಗಳಲ್ಲಿ ಅನೇಕರು ಸಂತೋಷಪಟ್ಟರು.

ಅವರನ್ನು ದೂರುವ ಹಕ್ಕು ನಮಗಿದೆಯೇ? ಹವಾಮಾನ ಬದಲಾವಣೆಯ ಕುರಿತ ಯಾವ ನೀತಿಗೂ ಈ ಇತಿಹಾಸ ಒಂದು ಪಾಠ. ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ ಎಂದಾದರೆ ಎಂಥ ಒಳ್ಳೆಯ ಕಾನೂನಿಗೂ ಜನಬೆಂಬಲ ಸಿಗದು. ನೆಲ ಕಾಯುವ ಹಳ್ಳಿಗಳಿಗೆ ನಗರದ ನೀರಿನ ತೆರಿಗೆಯಲ್ಲಿ ಪಾಲು ಕೊಡಬಹುದಿತ್ತು. ಅಲ್ಲಿನ ತರಕಾರಿ, ಹಾಲಿಗೆ ನ್ಯಾಯವಾದ ಮಾರುಕಟ್ಟೆ ಒದಗಿಸಬಹುದಿತ್ತು.

2020ರ ಅಕ್ಟೋಬರ್ ಮಳೆಗೆ ನಗರದ ಎಷ್ಟೋ ಕಾಲೊನಿಗಳು ಮುಳುಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡುವವರೂ ಹೆಚ್ಚಾಗಿ ನಾವೇ. ಹಾಗಾಗಿ ನಮ್ಮ ಅಪಾರ್ಟ್‌ಮೆಂಟ್ ಸಭೆಗಳಲ್ಲಿ ಪಾರ್ಕಿಂಗ್ ಜೊತೆಗೆ ಈ ಮಾತೂ ಬರಲಿ: ನಮ್ಮ ನೀರು ಎಲ್ಲಿಂದ ಬರುತ್ತದೆ, ಅದನ್ನು ಕಾಯುವವರಿಗೆ ನಾವು ಏನು ಕೊಡುತ್ತಿದ್ದೇವೆ?