ಬೆಕ್ಕು, ಮೀನು ಮತ್ತು ಬೆತ್ತ

ಸುಖವನ್ನು ಅರಸುವುದು, ನೋವಿನಿಂದ ದೂರ ಸರಿಯುವುದು - ಮನುಷ್ಯನ ನಡೆಯೆಲ್ಲ ಈ ಎರಡರ ಹಿಡಿತದಲ್ಲಿದೆ ಎಂದು ಇಂಗ್ಲೆಂಡಿನ ಜೆರೆಮಿ ಬೆಂಥಮ್ 1789ರಲ್ಲೇ ಬರೆದರು. ಇಂಥ ಮಾತನ್ನು ಪ್ರಯೋಗಕ್ಕೆ ಒಡ್ಡಿದವರು ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್.

ಟಿ.ಸಿ.ಎಚ್. ಓದಿದ ನಮಗೆಲ್ಲ ಅವರ ಬೆಕ್ಕು ಪರಿಚಿತ. ಹಸಿದ ಬೆಕ್ಕು ಪೆಟ್ಟಿಗೆಯೊಳಗೆ, ಮೀನು ಹೊರಗೆ. ಪರಚಾಡುತ್ತ ಆಕಸ್ಮಿಕವಾಗಿ ಬಾಗಿಲು ತೆರೆದ ಬೆಕ್ಕು, ಮತ್ತೆ ಮತ್ತೆ ಒಳಗಿಟ್ಟಾಗ ಬೇಗ ಬೇಗನೆ ಹೊರಬಂದಿತು. 1898ರ ಈ ಪ್ರಯೋಗಗಳಿಂದ ಮುಂದೆ 'ಪರಿಣಾಮ ನಿಯಮ' ರೂಪುಗೊಂಡಿತು: ತೃಪ್ತಿ ತಂದ ಕ್ರಿಯೆ ಬಲಗೊಳ್ಳುತ್ತದೆ, ನೋವು ತಂದದ್ದು ದುರ್ಬಲವಾಗುತ್ತದೆ.

ಬೆತ್ತ ಹಿಡಿದವರಿಗೆ ಈ ನಿಯಮದ ಎರಡನೆಯ ಭಾಗ ಬಲು ಅನುಕೂಲ. ಆದರೆ ಥಾರ್ನ್‌ಡೈಕ್ ಅಲ್ಲಿಗೇ ನಿಲ್ಲಲಿಲ್ಲ. ಸ್ಪ್ಯಾನಿಷ್ ಪದಕ್ಕೆ ಐದು ಇಂಗ್ಲಿಷ್ ಅರ್ಥ ಕೊಟ್ಟು ಒಂದನ್ನು ಆರಿಸಲು ಹೇಳಿದರು. 'ಸರಿ' ಎಂದಾಗ ಉತ್ತರ ಗಟ್ಟಿಯಾಯಿತು. 'ತಪ್ಪು' ಎಂದರೂ ತಪ್ಪುತ್ತರ ಅಷ್ಟಾಗಿ ಅಳಿಯಲಿಲ್ಲ. 1932ರ ಹೊತ್ತಿಗೆ ಅವರು ತಮ್ಮ ನಿಯಮವನ್ನೇ ತಿದ್ದಿದರು: ಬಹುಮಾನಕ್ಕೂ ಶಿಕ್ಷೆಗೂ ಸಮಬಲವಿಲ್ಲ.

ತರಗತಿಯಲ್ಲಿ ನಾವು ಕಾಣುವುದೂ ಇದನ್ನೇ. 'ತಪ್ಪು' ಎಂದಷ್ಟೇ ಹೇಳಿದರೆ ಯಾವುದು ಸರಿ ಎಂದು ಮಗುವಿಗೆ ತಿಳಿಯದು. ಏಟು ತಪ್ಪಿಸಿಕೊಳ್ಳಲು ಲೆಕ್ಕ ಕಲಿಯುವುದಕ್ಕಿಂತ ಸುಲಭದ ದಾರಿಗಳಿವೆ - ಸುಳ್ಳು, ನಕಲು, ಗೈರುಹಾಜರಿ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಗಡಿಯ ಈಚೆಗಿರುವ ನಮ್ಮ ಕನ್ನಡ ಶಾಲೆಗಳಿಗೂ ಅದೇ ಕಾನೂನು. ಏಟಿಗೆ ಹೆದರಿ ಮಗು ಶಾಲೆ ಬಿಟ್ಟರೆ ಇಲ್ಲಿ ಓದಷ್ಟೇ ಅಲ್ಲ, ಕನ್ನಡದ ಅಕ್ಷರವೂ ಕೈತಪ್ಪುತ್ತದೆ.